ಸಂತ ಶಿಶುನಾಳ ಶರೀಫರು (1819–1889)

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳ ಗ್ರಾಮವು ನಾಡಿನ ಹೆಸರಾಂತ ತತ್ವಪದಕಾರರಾದ ಶರೀಫರ ಜನ್ಮಸ್ಥಳವಾಗಿದೆ. ಜನರ ಬಾಯಲ್ಲಿ ಈ ಊರು ಶಿಶುನಾಳವೆಂದೇ ಪ್ರಸಿದ್ಧವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ
ಶರೀಫರು 1819ರಲ್ಲಿ ಇಮಾಮ ಸಾಹೇಬ ಹಾಗೂ ಹಜ್ಜೂಮಾ ದಂಪತಿಗಳ ಮಗನಾಗಿ ಜನಿಸಿದರು. ಇವರ ಪೂರ್ಣ ಹೆಸರು ಮಹಮ್ಮದ ಶರೀಫ. ತಂದೆಯವರು ಹುಲಗೂರಿನ ಸೂಫಿ ಸಂತ ಖಾದರ ಷಾ ಅವರ ಭಕ್ತರಾಗಿದ್ದರು. ಬಾಲ್ಯದಲ್ಲಿಯೇ ಶರೀಫರಿಗೆ ರಾಮಾಯಣ, ಮಹಾಭಾರತ ಹಾಗೂ ಶರಣರ ಸಾಹಿತ್ಯದ ಪರಿಚಯವಾಯಿತು. ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣರಾದ ಅವರು ಕೆಲಕಾಲ ಕನ್ನಡ ಶಾಲೆಯ ಶಿಕ್ಷಕರಾಗಿ ಸೇವೆ ಸಲ್ಲಿಸಿ, ನಂತರ ಆ ವೃತ್ತಿಯನ್ನು ತ್ಯಜಿಸಿದರು.

ಗುರುಸೇವೆ
ಕಳಸದ ಗೋವಿಂದಭಟ್ಟರು ಶರೀಫರ ಗುರುಗಳು. ಬ್ರಾಹ್ಮಣ ಗುರುವು ಮುಸಲ್ಮಾನ ಶಿಷ್ಯನನ್ನು ಸ್ವೀಕರಿಸಿದ್ದು ಅಂದಿನ ಸಮಾಜಕ್ಕೆ ಸಹಿಸಲಾಗದ ಸಂಗತಿಯಾಗಿತ್ತು. ಎರಡೂ ಕಡೆಯವರ ನಿಂದನೆಗೆ ಗುರಿಯಾದರೂ ಅವರಿಬ್ಬರೂ ಪರಸ್ಪರರನ್ನು ಬಿಟ್ಟುಕೊಡಲಿಲ್ಲ. ಗುರುಗಳು ಶಿಷ್ಯನಿಗೆ ತಮ್ಮ ಕೈಯಾರೆ ಜನಿವಾರ ಹಾಕಿದರೆಂಬ ಪ್ರತೀತಿ ಇದೆ. ನವಲಗುಂದದ ನಾಗಲಿಂಗ ಸ್ವಾಮಿಗಳೊಡನೆಯೂ ಶರೀಫರಿಗೆ ಆತ್ಮೀಯ ಒಡನಾಟವಿತ್ತು.

ಸಂಸಾರ ಮತ್ತು ಪದರಚನೆ
ಕುಂದಗೋಳದ ಫಾತಿಮಾ ಅವರೊಂದಿಗೆ ಶರೀಫರ ವಿವಾಹವಾಯಿತು. ಮಗಳು ಮತ್ತು ಪತ್ನಿಯ ಅಗಲಿಕೆಯ ನಂತರ ಅವರು ಸಂಸಾರದಿಂದ ವಿಮುಖರಾಗಿ, ಬಡತನದಲ್ಲಿಯೇ ಊರೂರು ಸಂಚರಿಸುತ್ತ ಹಾಡಿದರು. ಸೋರುವ ಮಾಳಿಗೆ, ಬೀಸುವ ಕಲ್ಲು, ತಂಬೂರಿ, ಸಂತೆ ಮುಂತಾದ ನಿತ್ಯದ ವಸ್ತು ವಿಷಯಗಳೇ ಅವರ ಪದಗಳಲ್ಲಿ ದೇಹ, ಮನಸ್ಸು ಮತ್ತು ಮುಕ್ತಿಯ ವಿಚಾರಗಳಿಗೆ ಸಂಕೇತಗಳಾಗಿವೆ. ಧಾರವಾಡ ಸೀಮೆಯ ಆಡುಮಾತಿನಲ್ಲಿದ್ದುದರಿಂದ ಅಕ್ಷರ ಬಾರದವರೂ ಅವುಗಳನ್ನು ಕೇಳಿ ಕಲಿತರು. ಮೊಹರಂ ಹಬ್ಬಕ್ಕಾಗಿ ಅಲಾವಿ ಪದಗಳನ್ನೂ, ದೇವಿಯ ಕುರಿತು ಪದಗಳನ್ನೂ ಅವರು ಸಮಾನ ಶ್ರದ್ಧೆಯಿಂದ ರಚಿಸಿದ್ದಾರೆ. ಶಿಶುನಾಳಾಧೀಶ ಎಂಬುದು ಅವರ ಅಂಕಿತವಾಗಿದೆ.

ಅಂತ್ಯ ಹಾಗೂ ಸ್ಮರಣೆ
1889ರಲ್ಲಿ ಶರೀಫರು ದೇಹತ್ಯಾಗ ಮಾಡಿದರು. ಅವರ ಅಂತ್ಯಕ್ರಿಯೆಯು ಹಿಂದೂ ಮತ್ತು ಮುಸ್ಲಿಂ ಎರಡೂ ಸಂಪ್ರದಾಯಗಳಂತೆ ನೆರವೇರಿತೆಂದು ಹೇಳಲಾಗುತ್ತದೆ. ಜೀವಿತಕಾಲದಲ್ಲಿ ಅವರನ್ನು ದೂರವಿಟ್ಟ ಎರಡೂ ಸಮುದಾಯಗಳು ಕೊನೆಗೆ ಅವರನ್ನು ತಮ್ಮವರೆಂದು ಒಪ್ಪಿಕೊಂಡವು.

ಭಜನಾ ಮಂಡಳಿಗಳ ಹಾಡುಗಾರಿಕೆಯಲ್ಲಿ ಉಳಿದುಬಂದ ಈ ಪದಗಳು ಗಾಯಕ ಸಿ. ಅಶ್ವತ್ಥ್ ಅವರ ರಾಗಸಂಯೋಜನೆಯಿಂದ ನಾಡಿನಾದ್ಯಂತ ಮನೆಮಾತಾದವು. ಟಿ.ಎಸ್. ನಾಗಾಭರಣ ಅವರು ನಿರ್ದೇಶಿಸಿದ 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರವು ರಾಷ್ಟ್ರೀಯ ಭಾವೈಕ್ಯತೆಗಾಗಿ ನೀಡಲಾಗುವ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಈ ಚಿತ್ರದಲ್ಲಿ ಶ್ರೀಧರ್ ಅವರು ಶರೀಫರಾಗಿ, ಗಿರೀಶ್ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದ್ದಾರೆ.

ಶಿಶುನಾಳದಲ್ಲಿರುವ ಶರೀಫರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಇಲ್ಲಿ ಪ್ರತಿ ವರ್ಷ ಜಾತ್ರೆ ಜರುಗುತ್ತದೆ.