ಅನುಭಾವ ಕವಿ ಶ್ರೀ ನಿಜಗುಣ ಶಿವಯೋಗಿಗಳು

ಕೊಳ್ಳೇಗಾಲದ ಬಳಿಯ ಶಂಭುಲಿಂಗನ ಬೆಟ್ಟವನ್ನು ಕಣ್ಣಾರೆ ಕಂಡವರಿಗಿಂತ ಅದರ ಹೆಸರನ್ನು ಹಾಡಿನಲ್ಲಿ ಕೇಳಿದವರೇ ಹೆಚ್ಚು. ಆ ಬೆಟ್ಟದ ಸ್ವಾಮಿಯ ಹೆಸರನ್ನೇ ತಮ್ಮ ಹಾಡುಗಳಿಗೆ ಅಂಕಿತವಾಗಿಸಿಕೊಂಡ ಮಹಾನುಭಾವರು ಶ್ರೀ ನಿಜಗುಣ ಶಿವಯೋಗಿಗಳು.

ಅವರು ಕ್ರಿ.ಶ. ೧೫೦೦ರ ಸುಮಾರಿಗೆ ಬಾಳಿದವರೆಂಬುದು ಸಾಹಿತ್ಯ ಚರಿತ್ರಕಾರರ ಅಭಿಪ್ರಾಯ. ಐತಿಹ್ಯದ ಪ್ರಕಾರ ಅವರು ಈ ಸೀಮೆಯನ್ನಾಳುತ್ತಿದ್ದ ಪಾಳೆಯಗಾರರು. ಅಧಿಕಾರವೂ ಸಂಪತ್ತೂ ಕೈಯಲ್ಲಿರುವಾಗಲೇ ಅವುಗಳಲ್ಲಿ ವೈರಾಗ್ಯ ತಾಳಿ, ಎಲ್ಲವನ್ನೂ ತೊರೆದು ಬೆಟ್ಟವನ್ನೇರಿ ಶಿವಯೋಗದಲ್ಲಿ ನಿರತರಾದರು. ಅವರ ಸಮಕಾಲೀನರೂ ಸುಬೋಧಸಾರದ ಕರ್ತೃಗಳೂ ಆದ ಮುಪ್ಪಿನ ಷಡಕ್ಷರಿಗಳು, ಕನಸಿನಲ್ಲಿ ಅರಸನಾಗಿ ಹಿಗ್ಗಿ, ಎಚ್ಚತ್ತು ನಾಚಿದ ತಿರುಕನ ಕಥೆಯನ್ನು ಹಾಡಿದರು. ಶಾಲೆಯ ಪಾಠವಾಗಿ ಅದನ್ನು ಕಂಠಪಾಠ ಮಾಡಿದವರು ಅಸಂಖ್ಯರು. ನಿಜಗುಣರಾದರೋ ಎಚ್ಚರದಲ್ಲಿಯೇ ಅರಸುತನವು ಕನಸೆಂದರಿತು ಅದನ್ನು ಬಿಟ್ಟು ನಡೆದವರು.

ಶಿವಯೋಗಿಗಳ ಪಾಂಡಿತ್ಯ ಅಗಾಧವಾದುದು. ಅವರ ವಿವೇಕ ಚಿಂತಾಮಣಿಯು ಹಲವು ಶಾಸ್ತ್ರಗಳ ಸಾರವನ್ನೊಳಗೊಂಡ ಕೋಶಸದೃಶ ಗದ್ಯಗ್ರಂಥ. ೧೬೦೪ರಲ್ಲಿ ಅದು ಮರಾಠಿಗೆ ಅನುವಾದಗೊಂಡಿತು. ಪರಮಾನುಭವಬೋಧೆ, ಪರಮಾರ್ಥಗೀತೆ, ಅನುಭವಸಾರ, ಪರಮಾರ್ಥ ಪ್ರಕಾಶಿಕೆಗಳೂ ಅವರ ಕೃತಿಗಳೇ. ಆದರೆ ಜನಸಾಮಾನ್ಯರ ಹೃದಯದಲ್ಲಿ ಅವರನ್ನು ನೆಲೆಗೊಳಿಸಿದುದು ರಾಗತಾಳಗಳಿಗೆ ಹೊಂದಿಕೊಂಡ ಹಾಡುಗಳ ಸಂಕಲನವಾದ ಕೈವಲ್ಯ ಪದ್ಧತಿ. ಶಿವನ ಕಾರುಣ್ಯದ ಪ್ರಾರ್ಥನೆಯಿಂದ ಮೊದಲ್ಗೊಂಡು ಜೀವಕ್ಕೆ ಬುದ್ಧಿ ಹೇಳಿ, ನೀತಿ ಯೋಗಗಳ ಮಾರ್ಗವಾಗಿ ಅದು ಕೇಳುಗನನ್ನು ಜ್ಞಾನದೆಡೆಗೆ ಕರೆದೊಯ್ಯುತ್ತದೆ.

ಶಾಸ್ತ್ರಗ್ರಂಥವನ್ನು ಓದಲು ಅಕ್ಷರ ಬೇಕು, ವಿರಾಮ ಬೇಕು. ಹಾಡಿಗೆ ಕಿವಿಯೊಂದಿದ್ದರೆ ಸಾಕು. ದಿನವೆಲ್ಲ ಹೊಲದಲ್ಲಿ ದುಡಿದ ರೈತನೂ, ಮಗುವನ್ನು ಕಳೆದುಕೊಂಡ ತಾಯಿಯೂ, ಮಠದ ಅಂಗಳದಲ್ಲಿ ತಾಳದ ದನಿಯೊಡನೆ ಭಜನೆ ಆರಂಭವಾದಾಗ ಒಂದೇ ಚಾಪೆಯ ಮೇಲೆ ಕುಳಿತು ಕೇಳುತ್ತಾರೆ. ಜೀವವನ್ನು ಕುರಿತು ಆಡಿದ ಮಾತು ತನಗಾಗಿಯೇ ಆಡಿದಂತೆ ಪ್ರತಿಯೊಬ್ಬನಿಗೂ ತೋರುತ್ತದೆ. ಒಳಗೇ ಬೆಳಗುವ ಪರಂಜ್ಯೋತಿಯನ್ನು ಕುರಿತ ಅವರ ಹಾಡನ್ನು ಕೇಳಿ ಕಣ್ಣೊರೆಸಿಕೊಳ್ಳುವ ಹಿರಿಯರು ವೇದಾಂತವನ್ನು ವಿವರಿಸಲಾರರು; ಆದರೆ ಅದರಿಂದ ದೊರೆತ ಸಮಾಧಾನವನ್ನು ಬಲ್ಲರು.

ಈ ಬಾಂಧವ್ಯಕ್ಕೆ ರಾಜ್ಯಗಳ ಎಲ್ಲೆಯೂ ಅಡ್ಡಬರಲಿಲ್ಲ. ೧೭೯೯ರಲ್ಲಿ ಟಿಪ್ಪುವಿನ ಪತನದ ತರುವಾಯ ಹನೂರನ್ನೊಳಗೊಂಡ ಕೊಳ್ಳೇಗಾಲ ಸೀಮೆಯು ಕಂಪನಿಯ ವಶವಾಗಿ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಕನ್ನಡ ರಾಜ್ಯವನ್ನು ಸೇರುವವರೆಗೆ ಕಚೇರಿಗಳು ಬೇರೆ, ಜಿಲ್ಲೆಗಳು ಬೇರೆಯಾಗಿದ್ದವು. ಹಾಡು ಮಾತ್ರ ಬೇರೆಯಾಗಲಿಲ್ಲ. ಅತ್ತ ದೂರದ ಹುಬ್ಬಳ್ಳಿಯಲ್ಲಿ ಶ್ರೀ ಸಿದ್ಧಾರೂಢರು ನಿಜಗುಣರ ಶಾಸ್ತ್ರಗಳನ್ನೇ ಬೋಧನೆಯ ಆಧಾರವಾಗಿ ಸ್ವೀಕರಿಸಿದರು. ಕೊಳ್ಳೇಗಾಲವನ್ನು ಎಂದೂ ಕಾಣದ ಭಕ್ತರು ಅಲ್ಲಿ ಹಾಡಿನ ಕೊನೆಯಲ್ಲಿ ನಮ್ಮ ಬೆಟ್ಟದ ಶಂಭುಲಿಂಗನನ್ನು ನೆನೆಯುತ್ತಾರೆ.

ದೂರದವರು ಇಷ್ಟು ಆದರದಿಂದ ಕಾಪಾಡಿಕೊಂಡ ನಿಧಿಯನ್ನು ಬೆಟ್ಟದ ತಪ್ಪಲಿನ ಮಕ್ಕಳು ಮರೆಯಬಾರದು. ಹಾಡು ನಾಲಗೆಯ ಮೇಲಿದ್ದು ಹಾಡಿದವರ ಬಾಳು ಮರೆತುಹೋದರೆ ಪಡೆದುದು ಅರ್ಧ ಮಾತ್ರ. ಗುರುಗಳು ಪ್ರಾರ್ಥನೆಯ ವೇಳೆಯಲ್ಲಿ ಶಿವಯೋಗಿಗಳ ಹಾಡೊಂದನ್ನು ಅರ್ಥಸಹಿತ ಕಲಿಸಿ, ರಾಜ್ಯವನ್ನು ಬಿಟ್ಟು ಹಾಡನ್ನು ಉಳಿಸಿ ಹೋದ ಆ ಹಿರಿಯರ ಕಥೆಯನ್ನೂ ಹೇಳಿದರೆ, ಶಾಲೆಯಿಂದ ಹೊರಟ ವಿದ್ಯಾರ್ಥಿಗೆ ಬಾಳಿನ ಕಷ್ಟಕಾಲದಲ್ಲಿ ನೆನೆಯಲು ಒಂದು ಆಸರೆ ದೊರೆತಂತಾಗುವುದು.