ಒಂದೇ ಅಕ್ಷರದ ವರಹ: ನಮ್ಮ ಬೂದಿಕೋಟೆಯ ಹೈದರಾಲಿ



ಬಂಗಾರಪೇಟೆಯಿಂದ ಬೂದಿಕೋಟೆ ಏನೂ ದೂರವಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಲ್ಲಿ ನೆಂಟರಿದ್ದಾರೆ. ಹಬ್ಬಕ್ಕೆ, ಮದುವೆಗೆ ಹೋಗಿ ಬರ್ತಾ ಇರ್ತೀವಿ. ಆದರೆ ಮೈಸೂರು ಸಂಸ್ಥಾನವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ ಹೈದರಾಲಿ ಹುಟ್ಟಿದ್ದು ಅದೇ ಬೂದಿಕೋಟೆಯಲ್ಲಿ ಎಂಬುದು ಅನೇಕರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಅವನ ಯುದ್ಧಗಳಷ್ಟೇ ಗೊತ್ತು. ಪರೀಕ್ಷೆಗೆ ಇಸವಿಗಳನ್ನು ಬಾಯಿಪಾಠ ಮಾಡ್ತೀವಿ, ಆಮೇಲೆ ಮರೆತುಬಿಡ್ತೀವಿ. ಅದಕ್ಕೇ ನಾನು ಈ ಸಲ ಅವನ ಜೀವನವನ್ನು ಅವನು ಹೊರಡಿಸಿದ ನಾಣ್ಯದ ಜೊತೆ ಸೇರಿಸಿ ಬರೆಯುತ್ತಿದ್ದೇನೆ. ಒಬ್ಬ ದೊರೆ ತನ್ನ ನಾಣ್ಯದ ಮೇಲೆ ಯಾವ ಚಿತ್ರ ಹಾಕಿಸಿದ ಎಂದು ನೋಡಿದರೆ ಅವನ ವಿಷಯ ಸ್ವಲ್ಪ ತಿಳಿಯುತ್ತದೆ.

ಹೈದರಾಲಿ ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1720 ಎಂದೂ, ಇನ್ನು ಕೆಲವುಗಳಲ್ಲಿ 1722 ಎಂದೂ ಇದೆ. ಅವನ ತಂದೆ ಫತೇ ಮಹಮ್ಮದ್ ಶಿರಾದ ಸುಬೇದಾರರ ಬಳಿ ಸೈನ್ಯದಲ್ಲಿದ್ದನು. ಬೂದಿಕೋಟೆ ಅವನಿಗೆ ಜಹಗೀರಾಗಿ ಬಂದಿತ್ತು. ಹೈದರ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತನು. ಆಗ ಮನೆಯವರಿಗೆ ಬಂದ ಕಷ್ಟ ಅಷ್ಟಿಷ್ಟಲ್ಲ. ದೊಡ್ಡಬಳ್ಳಾಪುರದ ಅಧಿಕಾರಿ ಅಬ್ಬಾಸ್ ಕುಲಿ ಖಾನನು ತಂದೆ ಬಾಕಿ ಉಳಿಸಿದ್ದಾನೆ ಎಂದು ಹೇಳಿ ಮನೆಯಲ್ಲಿದ್ದುದನ್ನೆಲ್ಲ ಕಿತ್ತುಕೊಂಡನು. ಅದೂ ಸಾಲದೆ ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂರಿಸಿ, ಮೇಲಿನಿಂದ ಚರ್ಮವನ್ನು ಬಾರಿಸಿ ಹಿಂಸೆ ಕೊಟ್ಟನಂತೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷರವನು ತನ್ನ ಚರಿತ್ರೆಯಲ್ಲಿ ಈ ಸಂಗತಿಯನ್ನು ಬರೆದಿದ್ದಾನೆ. ನಮ್ಮ ನಾಲ್ಕನೇ ಕ್ಲಾಸಿನ ಹುಡುಗರ ವಯಸ್ಸು ಕೂಡ ಆಗ ಅವರಿಗೆ ಇರಲಿಲ್ಲ. ಯೋಚನೆ ಮಾಡಿ ನೋಡಿ.

ಹೀಗಾಗಿ ಹೈದರನಿಗೆ ಶಾಲೆಯೂ ಇಲ್ಲ, ಮೇಷ್ಟ್ರೂ ಇಲ್ಲ. ಅವನು ಕೊನೆಯವರೆಗೂ ಓದು ಬರಹ ಕಲಿಯಲಿಲ್ಲ. ಕಷ್ಟಪಟ್ಟು ಕಲಿತದ್ದು ಒಂದೇ ಒಂದು ಅಕ್ಷರ. ಪಾರ್ಸಿ ಲಿಪಿಯಲ್ಲಿ ತನ್ನ ಹೆಸರಿನ ಮೊದಲಕ್ಷರವಾದ ‘ಹೇ’. ಅದು ಕೊಕ್ಕೆಯ ಹಾಗೆ ಬಾಗಿರುತ್ತದೆ. ಕಾಗದಪತ್ರಗಳಿಗೆ ಅದನ್ನೇ ರುಜು ಹಾಕುತ್ತಿದ್ದನು. ಅದನ್ನೂ ಸರಿಯಾಗಿ ಬರೆಯುತ್ತಿರಲಿಲ್ಲ ಎಂದು ವಿಲ್ಕ್ಸ್ ಬರೆದಿದ್ದಾನೆ. ಆದರೆ ಅವನ ಜ್ಞಾಪಕಶಕ್ತಿ ಬಹಳ ದೊಡ್ಡದು. ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದನು. ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದೂಸ್ತಾನಿ ಮಾತಾಡುತ್ತಿದ್ದನು. ನಮ್ಮ ಕೆ.ಜಿ.ಎಫ್. ಕಡೆಯವರಿಗೆ ಇದರಲ್ಲಿ ಆಶ್ಚರ್ಯವಿಲ್ಲ ಬಿಡಿ. ನಮ್ಮ ಬೀದಿಯಲ್ಲಿ ಆಡುವ ಮಕ್ಕಳು ಕೂಡ ಮೂರು ನಾಲ್ಕು ಭಾಷೆ ಆಡ್ತಾರೆ.

ದೊಡ್ಡವನಾದ ಮೇಲೆ ಹೈದರ್ ಮೈಸೂರಿನ ಸೈನ್ಯ ಸೇರಿದನು. 1749ರಲ್ಲಿ ದೇವನಹಳ್ಳಿ ಕೋಟೆಯ ಮುತ್ತಿಗೆಯಲ್ಲಿ ಅವನ ಧೈರ್ಯವನ್ನು ಕಂಡು ದಳವಾಯಿ ನಂಜರಾಜಯ್ಯನು ಮೇಲಕ್ಕೆ ತಂದನು. ಮರುವರ್ಷ ಹೈದರಾಬಾದಿನ ನಾಸಿರ್ ಜಂಗನು ಕೊಲೆಯಾದಾಗ ಅವನ ಪಾಳೆಯದ ಗೊಂದಲದಲ್ಲಿ ಹೈದರನ ಬೇಡರ ಪಡೆಯವರು ಚಿನ್ನದ ನಾಣ್ಯಗಳನ್ನು ಒಂಟೆಗಳ ಮೇಲೆ ಹೇರಿಕೊಂಡು ಬಂದರು. ಆ ಹಣದಿಂದ ಅವನು ಸ್ವಂತ ದಂಡು ಕಟ್ಟಿದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. 1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಅವನ ಕೈಗೆ ಬಂತು. ಆದರೂ ಸಿಂಹಾಸನದ ಮೇಲೆ ಅವನು ಕೂರಲಿಲ್ಲ. ಒಡೆಯರ ವಂಶದವರೇ ರಾಜರು ಅನ್ನಿಸಿಕೊಂಡರು, ದಸರೆಯಲ್ಲಿ ಜನರಿಗೆ ದರ್ಶನ ಕೊಟ್ಟರು. ಆಳಿದವನು ಮಾತ್ರ ಹೈದರ್.

ಈಗ ನಾಣ್ಯದ ವಿಷಯಕ್ಕೆ ಬರ್ತೀನಿ. 1763ರಲ್ಲಿ ಹೈದರ್ ಮಲೆನಾಡಿನ ಬಿದನೂರನ್ನು ಗೆದ್ದನು. ಅದು ಇಕ್ಕೇರಿ ನಾಯಕರ ರಾಜಧಾನಿ. ಆಗ ಅಲ್ಲಿ ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಊರಿನ ಸಂಪತ್ತನ್ನೆಲ್ಲ ಹೈದರ್ ವಶಪಡಿಸಿಕೊಂಡನು. ಬಿದನೂರಿಗೆ ಹೈದರ್‌ನಗರ ಎಂದು ಹೆಸರಿಟ್ಟನು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಅದನ್ನು ಈಗಲೂ ನಗರ ಎಂದೇ ಕರೆಯುತ್ತಾರೆ. ಅಲ್ಲಿ ಟಂಕಸಾಲೆ, ಅಂದರೆ ನಾಣ್ಯ ಮಾಡುವ ಶಾಲೆ, ಸ್ಥಾಪಿಸಿ ಅವನು ತನ್ನದೇ ಚಿನ್ನದ ವರಹ ಹೊರಡಿಸಿದನು.

ಇಕ್ಕೇರಿ ನಾಯಕರ ವರಹ ಹೇಗಿತ್ತು ಗೊತ್ತೆ? ಒಂದು ಬದಿಯಲ್ಲಿ ಶಿವ ಪಾರ್ವತಿ ಒಟ್ಟಿಗೆ ಕುಳಿತಿರುವ ಚಿತ್ರ. ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಎಂಬ ಹೆಸರು. ಆ ಚಿತ್ರ ಇಕ್ಕೇರಿಯವರದೂ ಅಲ್ಲ. ಅದಕ್ಕೆ ಮುಂಚೆ ವಿಜಯನಗರದ ಅರಸರು ತಮ್ಮ ವರಹದ ಮೇಲೆ ಉಮಾಮಹೇಶ್ವರರನ್ನು ಹಾಕಿಸಿದ್ದರು. ಗೆದ್ದ ಹೈದರನು ಮುಸಲ್ಮಾನ. ಅವನ ಎದುರಿಗೆ ಈಗ ಪ್ರಶ್ನೆ ಬಂತು. ಹಳೆಯ ಅಚ್ಚನ್ನು ತೆಗೆದುಹಾಕಬೇಕೆ, ಇಡಬೇಕೆ?

ಅವನು ಶಿವ ಪಾರ್ವತಿಯರನ್ನು ಹಾಗೆಯೇ ಇಟ್ಟನು. ಸೋತವರ ನಾಣ್ಯದಲ್ಲಿ ಬದಲಾಯಿಸಿದ್ದು ಹಿಂದಿನ ಬದಿಯನ್ನು ಮಾತ್ರ. ಅಲ್ಲಿದ್ದ ಹೆಸರನ್ನು ತೆಗೆಸಿ, ಸಣ್ಣ ಸಣ್ಣ ಚುಕ್ಕೆಗಳ ನಡುವೆ ‘ಹೇ’ ಎಂಬ ಒಂದಕ್ಷರವನ್ನು ಹಾಕಿಸಿದನು. ಅವನಿಗೆ ಬರೆಯಲು ಬರುತ್ತಿದ್ದ ಅದೇ ಅಕ್ಷರ! ಬಿರುದಿಲ್ಲ, ಪಟ್ಟವಿಲ್ಲ, ಮುಖದ ಚಿತ್ರವಿಲ್ಲ. ಇದನ್ನು ಹೈದರಿ ವರಹ, ಬಹಾದ್ದೂರಿ ವರಹ ಎಂದು ಕರೆದರು.

ಇದರ ಲಾಭವನ್ನು ತಿಳಿಯಬೇಕಾದರೆ ಆಗಿನ ಸಂತೆಯನ್ನು ನೆನೆಯಬೇಕು. ವರಹದ ತೂಕ ಸುಮಾರು 3.4 ಗ್ರಾಂ. ಅಗಲ ನಮ್ಮ ಅಂಗಿಯ ಗುಂಡಿಯಷ್ಟು. ಹತ್ತು ಹಣಕ್ಕೆ ಒಂದು ವರಹ. ಆಗ ಯಂತ್ರವಿರಲಿಲ್ಲ. ತೂಕ ಮಾಡಿದ ಚಿನ್ನದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲೆ ಇನ್ನೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದೊಂದು ನಾಣ್ಯವೂ ಕೈಯ ಕೆಲಸ. ಮೆಣಸು, ಅಡಿಕೆ, ಅಕ್ಕಿ ಮಾರುವವನು ನಾಣ್ಯವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದನು. ಅವನಿಗೂ ಓದು ಬರಬೇಕಲ್ಲ? ಪರಿಚಯದ ಚಿತ್ರ ಕಂಡರೆ ಇದು ನಮ್ಮ ವರಹವೇ ಅಂತ ನಂಬಿ ಇಸ್ಕೊಳ್ತಾನೆ. ದೊರೆ ಬದಲಾದ ಎಂದು ಚಿತ್ರವೂ ಬದಲಾದರೆ ಅನುಮಾನ ಪಡ್ತಾನೆ. ಅಕ್ಷರ ಬಾರದ ಜನರ ಕಣ್ಣು ಏನು ನೋಡುತ್ತದೆ ಎಂಬುದು ಅಕ್ಷರ ಬಾರದ ಹೈದರನಿಗೆ ಗೊತ್ತಿರಲೇಬೇಕು ಅಂತ ನನಗನ್ನಿಸುತ್ತದೆ.

ಕೊನೆಗಾಲದಲ್ಲಿ ಅವನು ತಾಮ್ರದ ಕಾಸಿನ ಮೇಲೆ ಆನೆಯ ಚಿತ್ರ ಹಾಕಿಸಿದನು. ಆನೆ ಅಂದರೆ ಯಾವ ಜಾತಿ, ಯಾವ ಮತದವರಿಗೆ ಗೊತ್ತಿಲ್ಲ? ನಾವು ಈಗಲೂ ದುಡ್ಡು, ಕಾಸು, ಹಣ ಅಂತೀವಲ್ಲ, ಇವೆಲ್ಲ ಹಿಂದೆ ಬೇರೆ ಬೇರೆ ನಾಣ್ಯಗಳ ಹೆಸರುಗಳು.

ಇದೊಂದನ್ನೇ ಹೇಳಿ ಹೈದರನನ್ನು ದೇವರ ಹಾಗೆ ಮಾಡುವುದು ನನ್ನ ಉದ್ದೇಶವಲ್ಲ. ಅವನ ದಂಡು ಹೋದ ಕಡೆ ಜನ ಬಹಳ ನೊಂದರು. ಒನಕೆ ಓಬವ್ವ ಹೋರಾಡಿದ್ದು ಅವನ ಸೈನಿಕರ ಎದುರಿಗೇ. 1779ರಲ್ಲಿ ಚಿತ್ರದುರ್ಗದ ಮದಕರಿ ನಾಯಕನನ್ನು ಸೆರೆ ಹಿಡಿದನು. 1780ರಲ್ಲಿ ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿದಾಗ ಅಲ್ಲಿನ ಹಳ್ಳಿಗಳು ಸುಟ್ಟುಹೋದವು. ಹಾಗೆಯೇ ಇಂಗ್ಲಿಷರನ್ನು ನಡುಗಿಸಿದವನೂ ಅವನೇ. 1769ರಲ್ಲಿ ಮದರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಮಾಡಿಸಿಕೊಂಡನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಅವರ ದೊಡ್ಡ ಪಡೆಯನ್ನು ಸೋಲಿಸಿದನು. ಎರಡನ್ನೂ ಬರೆದರೆ ಮಾತ್ರ ಚರಿತ್ರೆ ಎಂದು ನಮ್ಮ ಸಮಾಜ ಮೇಷ್ಟ್ರು ಹೇಳುತ್ತಿರುತ್ತಾರೆ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಪಾಳೆಯದಲ್ಲಿ ಬೆನ್ನಿನ ಹುಣ್ಣಿನಿಂದ ಹೈದರ್ ತೀರಿಕೊಂಡನು. ಮಗ ಟಿಪ್ಪು ಆಗ ದೂರದ ಮಲಬಾರಿನ ಕಡೆ ಇದ್ದನು. ಸುದ್ದಿ ಹರಡಿದರೆ ಸೈನ್ಯ ಚದುರಿಹೋದೀತು ಎಂದು ಅಧಿಕಾರಿಗಳು ಶವವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವವರ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ದಾರಿಯಲ್ಲಿ ನೋಡಿದವರು ಅದರಲ್ಲಿ ಹಣವಿದೆ ಅಂದುಕೊಂಡಿರಬೇಕು. ಕೋಲಾರದಲ್ಲಿ ತಂದೆಯ ಗೋರಿಯ ಬಳಿ ಸ್ವಲ್ಪ ಕಾಲ ಇಟ್ಟು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದು ಗುಂಬಜಿನಲ್ಲಿ ಮಣ್ಣು ಮಾಡಿದರು. ಕೋಲಾರದ ಮಕ್ಬರಾವನ್ನು ನೀವೂ ನೋಡಬಹುದು.

ಅವನ ನಾಣ್ಯ ಏನಾಯಿತು? ಟಿಪ್ಪು ಸುಲ್ತಾನನು ಚಿನ್ನದ ನಾಣ್ಯದಿಂದ ದೇವರ ಚಿತ್ರಗಳನ್ನು ತೆಗೆದು ಪಾರ್ಸಿ ಬರಹ ಹಾಕಿಸಿದನು. ತಾಮ್ರದ ಮೇಲಿನ ಆನೆಯನ್ನು ಉಳಿಸಿದನು. ವರಹದ ಮೇಲೆ ತಂದೆಯ ‘ಹೇ’ ಅಕ್ಷರವನ್ನೂ ಉಳಿಸಿದನು. 1799ರಲ್ಲಿ ಟಿಪ್ಪು ಮಡಿದ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಮತ್ತೆ ಅದೇ ಶಿವ ಪಾರ್ವತಿ ಬಂದರು. ಹಿಂದಿನ ಬದಿಗೆ ನಾಗರಿಯಲ್ಲಿ ಶ್ರೀ ಕೃಷ್ಣರಾಜ ಎಂದಾಯಿತು. ಅವರ ತಾಮ್ರದ ಕಾಸಿನಲ್ಲೂ ಆನೆ ಇತ್ತು. ಹೀಗೆ ವಿಜಯನಗರ, ಇಕ್ಕೇರಿ, ಹೈದರ್, ಒಡೆಯರು ಎಂದು ನಾಲ್ಕು ಕೈ ದಾಟಿದರೂ ಚಿತ್ರ ಒಂದೇ.

ಇದಕ್ಕೆ ಪೂರ್ತಿ ಬೇರೆಯಾದ ಒಂದು ಉದಾಹರಣೆಯೂ ಇದೆ. ಶ್ರೀರಂಗಪಟ್ಟಣ ಗೆದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿ 1808ರಲ್ಲಿ ಹಂಚಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬೌಲ್ಟನ್ನನ ಟಂಕಸಾಲೆಯಲ್ಲಿ ಕ್ಯೂಶ್ಲರ್ ಎಂಬ ಕಲಾವಿದನು ಅದರ ಅಚ್ಚು ಕೆತ್ತಿದನು. ಅದರಲ್ಲಿ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಳಗೆ ಕೆಡವಿಕೊಂಡಿದೆ. ಹುಲಿ ಅಂದರೆ ಟಿಪ್ಪುವಿನ ಗುರುತು. ದೊಡ್ಡ ಅಧಿಕಾರಿಗಳಿಗೆ ಚಿನ್ನದ್ದು, ಆಮೇಲಿನವರಿಗೆ ಬೆಳ್ಳಿ, ಕಂಚು, ಕೊನೆಗೆ ನಮ್ಮ ದೇಶದ ಸಿಪಾಯಿಗಳಿಗೆ ತವರದ ಪದಕ. ಗೆದ್ದವರು ಸೋತವರನ್ನು ಹೇಗೆ ತೋರಿಸಬಹುದು ಎಂಬುದಕ್ಕೆ ಇದೊಂದು ರೀತಿ, ಬಿದನೂರಿನ ವರಹ ಇನ್ನೊಂದು ರೀತಿ.

ಸ್ವತಂತ್ರ ಭಾರತಕ್ಕೂ ಈ ಪ್ರಶ್ನೆ ಬಂತು. 1950ರಲ್ಲಿ ನಾಣ್ಯದಿಂದ ಇಂಗ್ಲೆಂಡಿನ ರಾಜನ ತಲೆ ಹೋಗಿ ಅಶೋಕನ ಸಿಂಹಗಳು ಬಂದವು. ನಮ್ಮ ಯೋಧರ ಪರಮವೀರ ಚಕ್ರದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಅವರು ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ನಮ್ಮ ಸೈನ್ಯದ ಅಧಿಕಾರಿಯನ್ನು ಮದುವೆಯಾಗಿ ಭಾರತೀಯರಾದರು. ಅದರಲ್ಲಿ ಸೋತವರ ಚಿತ್ರ ಯಾವುದೂ ಇಲ್ಲ. ಇಂದ್ರನ ವಜ್ರಾಯುಧ ಇದೆ. ದಧೀಚಿ ಮಹರ್ಷಿ ತನ್ನ ಮೂಳೆಗಳನ್ನೇ ಕೊಟ್ಟು ಆಗಿದ್ದು ಆ ವಜ್ರಾಯುಧ. 1964ರಲ್ಲಿ ನೆಹರೂ ಅವರ ನೆನಪಿಗೆ ಮೊದಲ ಸ್ಮಾರಕ ನಾಣ್ಯ ಹೊರಟಿತು. 2006ರಲ್ಲಿ ಬಸವೇಶ್ವರರ ಚಿತ್ರವಿರುವ 5 ರೂಪಾಯಿ ನಾಣ್ಯ ಬಂತು. ಅಂಗಡಿಯಲ್ಲಿ ಚಿಲ್ಲರೆ ಕೊಟ್ಟಾಗ ತಿರುಗಿಸಿ ನೋಡಿ, ಸಿಕ್ಕಿದರೂ ಸಿಕ್ಕೀತು.

ಇನ್ನೊಂದು ಸಂಗತಿ. ನಮ್ಮ ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರಿತ್ತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಅದು. ಅದೇ ಬೌರಿಂಗ್ 1893ರಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಬಗ್ಗೆ ಒಂದು ಪುಸ್ತಕ ಬರೆದರು. ನಮ್ಮ ತಾಲ್ಲೂಕಿನಲ್ಲಿ ಹುಟ್ಟಿದವನ ಕಥೆಯನ್ನು ನಮ್ಮ ಊರಿಗೆ ಹೆಸರಾದವರು ಬರೆದಂತಾಯಿತು.

ಮಿತ್ರರೇ, ಹೈದರ್ ನಮ್ಮವನೋ ಅಲ್ಲವೋ ಎಂದು ದೊಡ್ಡವರು ಜಗಳವಾಡುವುದನ್ನು ನಾವು ಕೇಳುತ್ತೇವೆ. ನನಗೆ ಅಷ್ಟು ದೊಡ್ಡ ಮಾತು ತಿಳಿಯದು. ಆದರೆ ಅವನ ವರಹವನ್ನು ಒಂದು ಬದಿ ಮಾತ್ರ ನೋಡಿದವರು ಪೂರ್ತಿ ನೋಡಿದಂತಲ್ಲ. ಶಿವ ಪಾರ್ವತಿಯರೂ ಅದರಲ್ಲೇ ಇದ್ದಾರೆ, ‘ಹೇ’ ಅಕ್ಷರವೂ ಅದರಲ್ಲೇ ಇದೆ.

ಈಗ ನಿಮಗೊಂದು ಕೆಲಸ. ನಮ್ಮ ಕೋಲಾರ ಸೀಮೆಗೆ ಸರ್ಕಾರ ಒಂದು ಸ್ಮಾರಕ ನಾಣ್ಯ ಹೊರಡಿಸಿದರೆ ಅದರ ಮೇಲೆ ಏನಿರಬೇಕು? 2001ರಲ್ಲಿ ಮುಚ್ಚಿದ ಚಿನ್ನದ ಗಣಿಯೆ? ತಲೆಗೆ ದೀಪ ಕಟ್ಟಿಕೊಂಡು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕಾರ್ಮಿಕನೆ? ಕೋಲಾರಮ್ಮನ ಗುಡಿಯೆ? ಕೆರೆಯೆ? ರಾಗಿ ತೆನೆಯೆ? ಎಲ್ಲರಿಗೂ ಗುರುತು ಸಿಗುವಂಥದ್ದು, ಯಾರ ಮನಸ್ಸಿಗೂ ನೋವಾಗದಂಥದ್ದು ಇರಲಿ. ಬಳೆ ಇಟ್ಟು ಒಂದು ವೃತ್ತ ಎಳೆದು, ಅದರೊಳಗೆ ಚಿತ್ರ ಬರೆದು, ಹೆಸರು ಮತ್ತು ತರಗತಿ ನಮೂದಿಸಿ ಸಂಪಾದಕರಿಗೆ ಕೊಡಿ. ಚೆನ್ನಾಗಿರುವುದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ.