ಆಟದ ಅರಸರು ಮುಮ್ಮಡಿ ಕೃಷ್ಣರಾಜ ಒಡೆಯರು

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ವ್ಯಾಪಾರದ ಆಟ. ವಾಕಡ್‌ನ ಫ್ಲಾಟಿನ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ನಾನು, ಮಗಳು, ಮೈಸೂರಿನಿಂದ ಬಂದಿರುವ ಅಮ್ಮ ಕೂರುತ್ತೇವೆ. ಮಗಳಿಗೆ ಒಂಬತ್ತು ವರ್ಷ. ಕೈಗೆ ನೋಟು ಬಂದದ್ದೇ ತಡ, ಮೊದಲ ಸುತ್ತಿನಲ್ಲೇ ಮುಂಬೈ, ದೆಹಲಿ ಎರಡನ್ನೂ ಕೊಂಡುಬಿಡುತ್ತಾಳೆ. ಮೂರನೆಯ ಸುತ್ತಿಗೆ ಬಾಡಿಗೆ ಕಟ್ಟಲು ಕಾಸಿರುವುದಿಲ್ಲ, ತುಟಿ ಅದುರಲು ಶುರುವಾಗುತ್ತದೆ. ಬ್ಯಾಂಕು ನಡೆಸುವ ನಾನು ಯಾರಿಗೂ ಕಾಣದಂತೆ ಅವಳ ಮಂಡಿಯ ಕೆಳಗೆ ಒಂದೆರಡು ನೋಟು ತಳ್ಳುತ್ತಿದ್ದೆ. ಒಂದು ದಿನ ಅದು ಅಮ್ಮನ ಕಣ್ಣಿಗೆ ಬಿತ್ತು. ಚೌಕಾಬಾರದಲ್ಲಿ ಕಡಿದ ಕಾಯಿಯನ್ನು ನಿಮ್ಮಜ್ಜಿ ನಿನಗೆ ಯಾವತ್ತಾದರೂ ವಾಪಸ್ ಕೊಟ್ಟಿದ್ದರಾ ಎಂದು ಕೇಳಿದರು. ಕೊಟ್ಟಿರಲಿಲ್ಲ. ನಾನು ಅತ್ತರೂ ಕೊಟ್ಟಿರಲಿಲ್ಲ.

ಕಳೆದ ದಸರಾ ರಜೆಯಲ್ಲಿ ಮೈಸೂರಿಗೆ ಹೋದಾಗ ಮಗಳನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಗೋಡೆಯ ಮೇಲೆ ಆಟದ ಮನೆಗಳ ಚಿತ್ರಗಳಿವೆ. ಇವನ್ನೆಲ್ಲ ಬರೆಸಿದವರು ಯಾರು ಎಂದು ಅವಳು ಕೇಳಿದಳು. ಮುಮ್ಮಡಿ ಕೃಷ್ಣರಾಜ ಒಡೆಯರು ಎಂದೆ. ರಾಜರಿಗೆ ಆಟ ಆಡುವಷ್ಟು ಸಮಯ ಎಲ್ಲಿತ್ತು ಎಂಬುದು ಅವಳ ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಅವರ ಇಡೀ ಬದುಕನ್ನೇ ಹೇಳಬೇಕಾಯಿತು. ಗೆಳತಿಯರೇ, ಈ ಸಂಚಿಕೆಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು. ಹೆಸರಿಗೆ ರಾಜಮನೆತನ, ಅಧಿಕಾರ ಮಾತ್ರ ಎಂದೋ ಕೈಬಿಟ್ಟಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಟಿಪ್ಪು ಸುಲ್ತಾನ್ ಆ ಸ್ಥಾನಕ್ಕೆ ಮತ್ತೊಬ್ಬರನ್ನು ಕೂರಿಸಲಿಲ್ಲ. ಶ್ರೀರಂಗಪಟ್ಟಣದ ಅರಮನೆ ಬಿಟ್ಟು ಕುಟುಂಬ ಒಂದು ಸಣ್ಣ ಮನೆಗೆ ಹೋಗಬೇಕಾಯಿತು.

ಆ ಮನೆಯಲ್ಲಿ ಒಬ್ಬ ಅಸಾಧಾರಣ ಹೆಂಗಸಿದ್ದರು, ಮಹಾರಾಣಿ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರ ಪತ್ನಿ, ಈ ಮಗುವಿಗೆ ಅಜ್ಜಿಯ ಸ್ಥಾನದವರು. ಕಾವಲಿನ ನಡುವೆಯೇ ಕೂತು, ಮದರಾಸಿನ ಇಂಗ್ಲಿಷರ ಜೊತೆ ದೂತರ ಮೂಲಕ ದಶಕಗಟ್ಟಲೆ ಗುಟ್ಟಾಗಿ ಮಾತುಕತೆ ನಡೆಸಿದವರು. ಗುಟ್ಟು ಬಯಲಾಗಿ ಸಂಬಂಧಪಟ್ಟವರಿಗೆ ಶಿಕ್ಷೆಯಾದಾಗಲೂ ಬಿಡಲಿಲ್ಲ. ಅವರ ರಾಜಕೀಯ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಒಂದೇ ಗುರಿ ಇಟ್ಟುಕೊಂಡು ಅಷ್ಟು ವರ್ಷ ಕಾಯುವ ತಾಳ್ಮೆ ಮಾತ್ರ ನಾನು ಬೇರೆ ಯಾರಲ್ಲೂ ಓದಿಲ್ಲ, ಅವರ ಮೊಮ್ಮಗನೊಬ್ಬರನ್ನು ಬಿಟ್ಟು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಜೂನ್ 30ರಂದು, ಐದು ತುಂಬಲು ಇನ್ನೂ ಎರಡು ವಾರ ಇರುವಾಗ, ಮೈಸೂರಿನ ನಜರ್‌ಬಾದ್‌ನಲ್ಲಿ ಚಪ್ಪರ ಹಾಕಿ ಆ ಮಗುವಿಗೆ ಪಟ್ಟ ಕಟ್ಟಿದರು. ಅದಾದ ಎಂಟೇ ದಿನಕ್ಕೆ ಒಪ್ಪಂದದ ಕಾಗದ ಬಂತು. ಮೈಸೂರು ಪ್ರತಿ ವರ್ಷ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿಯನ್ನು ಕಂಪನಿಗೆ ಕೊಡಬೇಕು. ಈ ಹಣಕ್ಕೆ ಅಪಾಯ ಬರಬಹುದು ಅನ್ನಿಸಿದರೆ ರಾಜ್ಯದ ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಳ್ಳಬಹುದು. ಹಣ ಬಾಕಿ ಬಿದ್ದರೆ ಎಂದಲ್ಲ, ಬೀಳಬಹುದು ಅನ್ನಿಸಿದರೆ ಎಂದು. ಹೋಮ್ ಲೋನ್ ಕಾಗದಕ್ಕೆ ಓದದೆ ಸಹಿ ಹಾಕಿದ ನಮ್ಮಂಥವರಿಗೆ ಇಂಥ ಸಾಲುಗಳ ರುಚಿ ಗೊತ್ತು. ಅಲ್ಲಿ ಮಗುವಿನ ಪರವಾಗಿ ಸಹಿ ಹಾಕಿದವರು ದೊಡ್ಡವರು. ಆ ಸಾಲಿನ ಬೆಲೆ ತೆತ್ತದ್ದು, ಮೂವತ್ತೆರಡು ವರ್ಷದ ನಂತರ, ಆ ಮಗು.

ಮುಂದಿನ ಹನ್ನೆರಡು ವರ್ಷ ರಾಜ್ಯ ನಡೆಸಿದವರು ದಿವಾನ್ ಪೂರ್ಣಯ್ಯ. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಲೆಕ್ಕ ನೋಡಿ ಪಳಗಿದ ಕೈ. ಕಂಪನಿಯ ಕಂತು ತಪ್ಪಲಿಲ್ಲ, ಕೆರೆಕಟ್ಟೆ, ಸೇತುವೆಗಳ ಕೆಲಸ ನಿಲ್ಲಲಿಲ್ಲ, ಜೊತೆಗೆ ಖಜಾನೆಯೂ ತುಂಬಿತು. ಅವರು ನಿವೃತ್ತರಾಗುವಾಗ ಅದರಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿ ಹಣವಿತ್ತೆಂದು ಇತಿಹಾಸಕಾರರು ಬರೆಯುತ್ತಾರೆ. 1810ರಲ್ಲಿ ಲಕ್ಷ್ಮಮ್ಮಣ್ಣಿ ತೀರಿಕೊಂಡರು. 1811ರ ಕೊನೆಗೆ ಪೂರ್ಣಯ್ಯ ಅಧಿಕಾರ ಬಿಟ್ಟರು, ಮರುವರ್ಷ ಅವರೂ ಇಲ್ಲವಾದರು. ಹದಿನೇಳು ವರ್ಷದ ಹುಡುಗನ ಕೈಗೆ ತುಂಬಿದ ಖಜಾನೆಯ ಬೀಗದ ಕೈ ಬಂತು. ಸುತ್ತ ಹೊಗಳುವವರಿಗೆ ಬರವಿರಲಿಲ್ಲ.

ನನಗೆ ಇಲ್ಲಿ ಪೂರ್ಣಯ್ಯನವರ ಮೇಲೆ ಸ್ವಲ್ಪ ಸಿಟ್ಟಿದೆ. ಅಷ್ಟು ದೊಡ್ಡ ಲೆಕ್ಕಿಗರು ಕೂಡಿಡುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಮುಂದೆ ಆಳಬೇಕಾದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ತಾಲ್ಲೂಕನ್ನಾದರೂ ಅವನ ಕೈಗೆ ಬಿಟ್ಟು, ತಪ್ಪು ಮಾಡಲು ಆಸ್ಪದ ಕೊಟ್ಟರೆಂದು ನಾನು ಎಲ್ಲೂ ಓದಿಲ್ಲ. ಹುಡುಗನ ಮೊದಲ ತಪ್ಪುಗಳೆಲ್ಲ ನಿಜವಾದ ದುಡ್ಡಿನಲ್ಲೇ ಆದವು.

ಮುಮ್ಮಡಿಯವರ ಕೈ ದೊಡ್ಡದು. ಪಂಡಿತರು, ಗಾಯಕರು, ಚಿತ್ರಕಾರರು, ದೇವಸ್ಥಾನಗಳು, ಮಠಗಳು, ನೆಂಟರಿಷ್ಟರು ಎಲ್ಲರಿಗೂ ದಾನ, ಇನಾಮು. ಬೇಡ ಎನ್ನುವ ಮಾತು ಅವರಿಗೆ ಬರುತ್ತಿರಲಿಲ್ಲ. ಎರಡು ಕೋಟಿ ಕೆಲವೇ ವರ್ಷಗಳಲ್ಲಿ ಕರಗಿತು, ಸಾಲ ಬೆಳೆಯಿತು. ಇಡೀ ತಪ್ಪನ್ನು ಅವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ರಾಜ್ಯದ ಆದಾಯದ ದೊಡ್ಡ ಪಾಲು ಪ್ರತಿ ವರ್ಷ ನಗದಾಗಿ ಹೊರಗೆ ಹೋಗುತ್ತಿತ್ತು. ಧಾನ್ಯದ ಬೆಲೆ ಬಿದ್ದಾಗಲೂ ಆ ಕಂತು ಒಂದು ಕಾಸೂ ಇಳಿಯಲಿಲ್ಲ. ಅದನ್ನು ಹೊಂದಿಸಲು ಷರ್ತಿ ಪದ್ಧತಿ ಬಂತು. ಇಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಟ್ಟವನು ರೈತನನ್ನು ಹಿಂಡದೆ ಇನ್ನೇನು ಮಾಡಿಯಾನು? ಟಾರ್ಗೆಟ್ ಒಂದನ್ನೇ ನೋಡುವ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1830ರಲ್ಲಿ ನಗರದ ಸೀಮೆಯ ರೈತರು ಎದ್ದರು, ಬೂದಿ ಬಸವಪ್ಪ ಅವರ ನಾಯಕನಾದ. ಬಂಡಾಯ ಅಡಗಿಸಲು ಕಂಪನಿಯ ಸೈನ್ಯವೂ ಬಂತು.

1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಹಳೆಯ ಒಪ್ಪಂದದ ಸಾಲನ್ನು ಹೊರತೆಗೆದ. ಆಡಳಿತ ಕಂಪನಿಯ ಕೈಗೆ ಹೋಯಿತು. ಅರಸರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ಪಗೋಡ, ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲು ಮತ್ತು ಮೈಸೂರಿನ ಅರಮನೆ. ವಯಸ್ಸು ಮೂವತ್ತೇಳು, ಹೆಚ್ಚುಕಡಿಮೆ ಈಗ ನನ್ನ ವಯಸ್ಸು. ಆಮೇಲೆ ವಿಚಾರಣಾ ಸಮಿತಿ ಬಂದು ನೋಡಿದಾಗ ದೂರುಗಳಲ್ಲಿ ಬಹಳಷ್ಟು ಉತ್ಪ್ರೇಕ್ಷೆ ಕಂಡಿತು. ಬೆಂಟಿಂಕನೇ ರಾಜ್ಯದ ಒಂದು ಭಾಗವನ್ನು ಹಿಂದಿರುಗಿಸಲು ಹೊರಟ. ಲಂಡನ್ನಿನವರು ಒಪ್ಪಲಿಲ್ಲ.

ಹಾಗಾಗಿ ಮಗಳ ಪ್ರಶ್ನೆಗೆ ಉತ್ತರ ಇದು. ರಾಜ್ಯ ಹೋದ ಮೇಲೆ ಅವರಿಗೆ ಮೂವತ್ತಾರು ವರ್ಷ ಸಮಯ ಸಿಕ್ಕಿತು.

ಆ ಸಮಯದಲ್ಲಿ ಎಷ್ಟು ಕೆಲಸ ಮಾಡಿದರು! 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು. ಕನ್ನಡಕ್ಕೆ ಗ್ರಂಥಗಳನ್ನು ಬರೆಸಿದರು, ತಮ್ಮ ಅಂಕಿತದಲ್ಲೂ ಹಲವು ಹೊರಬಂದವು. ಎಲ್ಲಕ್ಕಿಂತ ದೊಡ್ಡದು ಶ್ರೀತತ್ತ್ವನಿಧಿ, ಬಣ್ಣದ ಚಿತ್ರಗಳಿರುವ ಒಂಬತ್ತು ನಿಧಿಗಳ ಮಹಾಗ್ರಂಥ. ಶಕ್ತಿ, ವಿಷ್ಣು, ಶಿವ, ಗ್ರಹ ಎಂದೆಲ್ಲ ಸಾಗಿ ಕೊನೆಗೆ ಬರುವುದು ಕೌತುಕನಿಧಿ. ಆಟಗಳಿರುವುದು ಇದರಲ್ಲಿ. ದೇವರ ಧ್ಯಾನಶ್ಲೋಕಗಳಿರುವ ಗ್ರಂಥದಲ್ಲೇ ಪಗಡೆ, ಚದುರಂಗ, ಗಂಜೀಫಾಗಳಿಗೂ ಜಾಗ ಕೊಟ್ಟದ್ದು ನನಗೆ ಬಹಳ ಇಷ್ಟ.

ಗಂಜೀಫಾ ಗುಂಡಗಿನ ಎಲೆಗಳ ಆಟ. ಮಾಮೂಲಿ ದಶಾವತಾರದ ಕಟ್ಟಿನಲ್ಲಿ 120 ಎಲೆ. ಮುಮ್ಮಡಿಯವರು ಹೊಸ ಕಟ್ಟುಗಳನ್ನೇ ರೂಪಿಸಿದರು, ಅತಿ ದೊಡ್ಡದರಲ್ಲಿ 360 ಎಲೆ! ಅಷ್ಟನ್ನೂ ನೆನಪಿಟ್ಟು ಆಡುವವರು ಯಾರಿದ್ದರೋ. ಹಾವು ಏಣಿ ಆಟದ ಮೂಲವಾದ ಪರಮಪದದ ಹಾಸಿನಲ್ಲಿ ಮನೆಮನೆಗೂ ಒಂದು ಗುಣದ ಅಥವಾ ಪಾಪದ ಹೆಸರಿರುತ್ತದೆ. ದಾನದ ಮನೆಯಿಂದ ಏಣಿ, ಲೋಭದ ಮನೆಯಿಂದ ಹಾವು, ಹೀಗೆ. ಇಲ್ಲಿ ಆಳಂದಿಗೆ ಹೋದರೆ ಈ ಮೋಕ್ಷಪಟವನ್ನು ಸಂತ ಜ್ಞಾನೇಶ್ವರರೇ ಮಕ್ಕಳಿಗಾಗಿ ಮಾಡಿದರೆಂದು ಹೇಳುವವರು ಸಿಗುತ್ತಾರೆ. ಆದರೆ ದಾನ ಎಂದರೆ ಏಣಿ ಎಂದಷ್ಟೇ ಕಲಿಸುವ ಹಾಸಿನ ಬಗ್ಗೆ, ದಾನ ಮಾಡುತ್ತಲೇ ರಾಜ್ಯ ಕಳೆದುಕೊಂಡ ಅರಸರಿಗೆ ಒಳಗೊಳಗೆ ಏನನ್ನಿಸುತ್ತಿತ್ತೋ!

ಅವರಿಗೆ ನಿಜವಾಗಿ ಹಿಡಿಸಿದ್ದು, ನನ್ನ ಊಹೆ, ದಾಳ ಬೇಕಿಲ್ಲದ ಆಟ. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಯ್ಯಬೇಕು, ಒಂದು ಮನೆಗೆ ಒಂದೇ ಸಲ. ನನ್ನ ಎಂಟೆಕ್ ಮೊದಲ ಸೆಮಿಸ್ಟರಿನಲ್ಲಿ ಇದೇ ಅಸೈನ್‌ಮೆಂಟ್ ಇತ್ತು. ನಾನು ಬರೆದ ಪ್ರೋಗ್ರಾಂ ರಾತ್ರಿಯಿಡೀ ಓಡಿ ಬೆಳಿಗ್ಗೆಯೂ ಉತ್ತರ ಕೊಟ್ಟಿರಲಿಲ್ಲ. ತಪ್ಪು ದಾರಿ ಹಿಡಿದರೆ ಹಿಂದೆ ಬಂದು, ಇನ್ನೊಂದು ದಾರಿ ನೋಡಿ, ಮತ್ತೆ ಹಿಂದೆ ಬರಬೇಕು. ಮುಮ್ಮಡಿಯವರು ಇದನ್ನು ಕೈಯಲ್ಲೇ ಬಿಡಿಸಿದರು. ಅಷ್ಟಕ್ಕೇ ನಿಲ್ಲದೆ, ಕುದುರೆ ಇಳಿದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗ 260 ಬರುವಂಥ ನಡಿಗೆಯನ್ನೂ ಕಂಡುಹಿಡಿದರು. 1850ರ ದಶಕದ ಅವರ ಈ ನಡಿಗೆಗಳನ್ನು ಗಣಿತದವರು ಇಂದಿಗೂ ಅವರ ಹೆಸರಿನಲ್ಲೇ ಗುರುತಿಸುತ್ತಾರೆ. ಎರಡು ಕೋಟಿಯ ಲೆಕ್ಕ ಇಡಲಾರದವರು ಎಂದು ಇಂಗ್ಲಿಷರು ಬರೆದಿಟ್ಟ ಮನುಷ್ಯ ಇವರೇ ಎಂಬುದನ್ನು ಮರೆಯಬೇಡಿ.

ಅದೇ ವರ್ಷಗಳಲ್ಲಿ ಅವರ ಎದುರಿಗೆ ಇನ್ನೊಂದು ಆಟ ನಡೆದಿತ್ತು. ಪುಣೆಯಲ್ಲಿರುವ ನಮಗೆ ಇದು ಹತ್ತಿರದ ಕಥೆ. ಶನಿವಾರವಾಡೆ ಬಿಟ್ಟ ಎರಡನೇ ಬಾಜಿರಾಯ 1818ರಲ್ಲಿ ವರ್ಷಕ್ಕೆ ಎಂಟು ಲಕ್ಷದ ಪಿಂಚಣಿ ಪಡೆದು ಬಿಠೂರಿಗೆ ಹೋದ. 1851ರಲ್ಲಿ ಅವನು ಸತ್ತಾಗ ದತ್ತುಮಗ ನಾನಾಸಾಹೇಬನಿಗೆ ಆ ಪಿಂಚಣಿ ಸಿಗಲಿಲ್ಲ. ಸಾತಾರದಲ್ಲಿ 1848ರಲ್ಲಿ, ಆಮೇಲೆ ಝಾನ್ಸಿ, ನಾಗಪುರಗಳಲ್ಲಿ, ದತ್ತು ಒಪ್ಪುವುದಿಲ್ಲ ಎಂದು ಹೇಳಿ ರಾಜ್ಯಗಳನ್ನೇ ನುಂಗಿದರು. ಮುಮ್ಮಡಿಯವರಿಗೂ ಪಟ್ಟಕ್ಕೆ ಬರುವ ಮಗನಿರಲಿಲ್ಲ. ತಾವು ಕಣ್ಣು ಮುಚ್ಚಿದ ದಿನವೇ ಮೈಸೂರು ಕಂಪನಿಯ ನಕ್ಷೆಗೆ ಸೇರುತ್ತದೆಂದು ಅವರಿಗೆ ಗೊತ್ತಿತ್ತು.

ಕತ್ತಿ ಎತ್ತಲಿಲ್ಲ. 1857ರಲ್ಲಿ ಇಂಗ್ಲಿಷರ ಜೊತೆಗೇ ನಿಂತರು. ಅದನ್ನು ಇಂದು ಕೂತು ಟೀಕಿಸುವುದು ಸುಲಭ. ಅವರು ಹಿಡಿದದ್ದು ಅರ್ಜಿಯ ದಾರಿ, ಅಜ್ಜಿಯ ದಾರಿ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿ ಕೂತಿದ್ದ, ಆಮೇಲೆ ಬೌರಿಂಗ್ ಬಂದ. ಗವರ್ನರ್ ಜನರಲ್‌ಗಳು ಒಬ್ಬರಾದ ಮೇಲೊಬ್ಬರು ಬದಲಾದರು. ಪತ್ರಗಳು ಹೋಗುತ್ತಲೇ ಇದ್ದವು. ಕಂತು ಬಾಕಿಯಿಲ್ಲದೆಯೇ ರಾಜ್ಯ ಕಿತ್ತುಕೊಂಡದ್ದು ಒಪ್ಪಂದಕ್ಕೆ ವಿರುದ್ಧ ಎಂಬುದು ಅವರ ವಾದ. 1861ರಲ್ಲಿ ಕ್ಯಾನಿಂಗ್‌ಗೆ ಬರೆದರು, ಇಲ್ಲ ಎಂದ. ಬೇರೆ ಅರಸರಿಗೆ ದತ್ತಿನ ಸನದು ಕೊಟ್ಟವನು ಇವರಿಗೆ ಕೊಡಲಿಲ್ಲ. ಆಗ ಲಂಡನ್ನಿನ ಕಡೆ ತಿರುಗಿದರು. ಅಲ್ಲಿ ಅವರ ಪರ ಮಾತಾಡುವವರು ನಿಧಾನವಾಗಿ ಹೆಚ್ಚಿದರು.

1865ರ ಜೂನ್‌ನಲ್ಲಿ, ಎಪ್ಪತ್ತೊಂದು ತುಂಬಲು ಬಂದಿದ್ದಾಗ, ಯಾರ ಅನುಮತಿಗೂ ಕಾಯದೆ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರ ಒಪ್ಪಲಿಲ್ಲ. ಅವರು ಕಾದರು. 1867ರ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಉತ್ತರ ಬಂತು. ಮೈಸೂರು ಒಡೆಯರ ಮನೆತನದಲ್ಲೇ ಉಳಿಯುತ್ತದೆ, ಮಗು ಪ್ರಾಯಕ್ಕೆ ಬಂದ ಮೇಲೆ ಆಡಳಿತ ಹಿಂದಿರುಗುತ್ತದೆ.

ತಮ್ಮ ಕೈಗೆ ಅದು ಬರಲಿಲ್ಲ. 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಆ ಸೆಪ್ಟೆಂಬರಿನಲ್ಲಿ ಪಟ್ಟ ಕಟ್ಟಿಸಿಕೊಂಡ ಚಾಮರಾಜೇಂದ್ರರಿಗೂ ಐದೇ ವರ್ಷ. ಆದರೆ ಈ ಮಗುವಿಗೆ ಮೇಷ್ಟರಿದ್ದರು, ಪಾಠವಿತ್ತು, ಪ್ರಾಯಕ್ಕೆ ಬರುವವರೆಗೆ ತಯಾರಿಯಿತ್ತು. 1881ರ ಮಾರ್ಚ್ 25ರಂದು ಹದಿನೆಂಟರ ಹರೆಯದಲ್ಲಿ ಅವರ ಕೈಗೆ ರಾಜ್ಯ ಬಂದಾಗ ಖಜಾನೆಯಲ್ಲಿ ಕೋಟಿಗಳಿರಲಿಲ್ಲ. ಹಿಂದಿನ ದೊಡ್ಡ ಬರಗಾಲ ಬಿಟ್ಟುಹೋದ 80 ಲಕ್ಷದ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರ ಜೊತೆ ಆ ಸಾಲದಿಂದಲೇ ಲೆಕ್ಕ ಶುರುಮಾಡಿದರು.

ಹೋದ ಭಾನುವಾರ ನಮ್ಮನೆಯ ಆಟದಲ್ಲಿ ಮಗಳು ನಾಲ್ಕನೆಯ ಸುತ್ತಿಗೇ ದಿವಾಳಿ. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸ್ವಲ್ಪ ಅತ್ತಳು, ಅಮ್ಮ ಕೊಟ್ಟ ಚಕ್ಕುಲಿ ತಿಂದಳು, ಎದ್ದು ಹೋಗಲಿಲ್ಲ. ಆಟ ಮುಗಿಯುವವರೆಗೆ ನಮ್ಮಿಬ್ಬರ ನೋಟುಗಳನ್ನೇ ನೋಡುತ್ತ ಕೂತಿದ್ದಳು. ಮುಂದಿನ ವಾರ ಬ್ಯಾಂಕು ತಾನೇ ನಡೆಸುತ್ತಾಳಂತೆ.